ನಾದವನ್ನು ತೂಗಿದ ವಿಜ್ಞಾನಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಜಾತ್ರೆ, ಮದುವೆಗಳ ಧ್ವನಿವರ್ಧಕವನ್ನು ಕೇಳದ ಮಕ್ಕಳಿಲ್ಲ. ಗಾಯಕನು ಮೈಕಿಗೆ ತೀರ ಹತ್ತಿರ ನಿಂತು ಗಟ್ಟಿಯಾಗಿ ಹಾಡಿದರೆ ಸ್ವರವು ಒಡೆದು ಕರ್ಕಶವಾಗುತ್ತದೆ. ದೂರ ನಿಂತು ಮೆಲ್ಲಗೆ ಹಾಡಿದರೆ ಯಂತ್ರದ ಗುಂಯ್ ಸದ್ದಿನಲ್ಲಿ ಹಾಡು ಮುಳುಗಿಹೋಗುತ್ತದೆ. ಒಮ್ಮೆ ಒಡೆದ ಸ್ವರವನ್ನು ಆಮೇಲೆ ಎಷ್ಟು ತಗ್ಗಿಸಿದರೂ ಅದು ನೆಟ್ಟಗಾಗದು. ಕೇಳುವವನಿಗೆ ಇದು ಕಿರಿಕಿರಿಯಷ್ಟೆ. ನಾದವನ್ನು ಅಳೆಯಹೊರಟವನಿಗಾದರೋ ಲೆಕ್ಕವೇ ಸುಳ್ಳಾಗುತ್ತದೆ. ಧ್ವನಿವರ್ಧಕಗಳು ನಮ್ಮ ಊರುಗಳಿಗೆ ಬರುವುದಕ್ಕೆ ಬಹಳ ಮೊದಲೇ ನಾದದ ಅಳತೆಗೆ ಕೈಹಾಕಿದವರು ಚಂದ್ರಶೇಖರ ವೆಂಕಟರಾಮನ್.

ರಾಮನ್ ಅವರು 1888ನೆಯ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆಗೆ ಪಿಟೀಲುವಾದನದಲ್ಲಿ ಒಲವು. ಮುಂದೆ ಕೈಹಿಡಿದ ಲೋಕಸುಂದರಿಯವರು ವೀಣೆ ನುಡಿಸಬಲ್ಲವರು. 1907ರಲ್ಲಿ ಕಲ್ಕತ್ತೆಯ ಸರಕಾರಿ ಹಣಕಾಸು ಇಲಾಖೆಯನ್ನು ಸೇರಿದ ತರುಣ ರಾಮನ್, ಕಚೇರಿಯ ವೇಳೆಗೆ ಮುಂಚೆಯೂ ಅನಂತರವೂ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಹೆಚ್ಚಿನ ಸಂಬಳದ ಆ ಹುದ್ದೆಯನ್ನು ತೊರೆದು ಪ್ರಾಧ್ಯಾಪಕರಾದರು.

ಪಿಟೀಲಿನ ತಂತಿ ಹೇಗೆ ಮಿಡಿಯುತ್ತದೆಂಬುದು ಆಗ ಅವರ ಮನಸ್ಸನ್ನು ಹಿಡಿದಿದ್ದ ಪ್ರಶ್ನೆ. ಆದರೆ ನುರಿತ ವಾದಕನ ಕೈಯೂ ಎರಡು ಸಲ ಒಂದೇ ಬಗೆಯಾಗಿ ಕಮಾನನ್ನು ಎಳೆಯಲಾರದು. ಮೂಲವೇ ಕದಲುತ್ತಿದ್ದರೆ ಅಳತೆಗೆ ಅರ್ಥವೆಲ್ಲಿಯದು? ಆದುದರಿಂದ ರಾಮನ್ ಅವರು ಪಿಟೀಲನ್ನು ನುಡಿಸುವ ಯಂತ್ರವೊಂದನ್ನೇ ನಿರ್ಮಿಸಿದರು. ಅದರಲ್ಲಿ ಕಮಾನು ನಿಶ್ಚಲ. ಪಿಟೀಲೇ ಸಮವೇಗದಲ್ಲಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತಿತ್ತು. ಕಮಾನು ತಂತಿಯನ್ನು ಒತ್ತುವ ಬಲವನ್ನು ಬೇಕಾದಂತೆ ಹೆಚ್ಚುಕಡಿಮೆ ಮಾಡಿ ಅಳೆಯಬಹುದಾಗಿತ್ತು. ನಾದವು ಕೆಡದೆ ನಿಲ್ಲಲು ಬೇಕಾಗುವ ಕನಿಷ್ಠ ಒತ್ತಡವೆಷ್ಟು? ಕಮಾನು ಕುದುರೆಗೆ ಸಮೀಪಿಸಿದಷ್ಟೂ, ವೇಗ ಹೆಚ್ಚಿದಷ್ಟೂ ಅದು ಏರುತ್ತದೆ. ಪಿಟೀಲಿನ ಒಡಲು ತಾನೂ ಬಲವಾಗಿ ಅನುರಣಿಸುವ ಸ್ವರಗಳಲ್ಲಿ ಇನ್ನೂ ಹೆಚ್ಚು ಒತ್ತಡ ಬೇಕು. ವಾದಕರ ಬೆರಳಿಗಷ್ಟೇ ತಿಳಿದಿದ್ದ ಗುಟ್ಟು ಹೀಗೆ ಅಂಕಿಗಳಿಗೆ ಇಳಿಯಿತು. ಈ ಪ್ರಯೋಗಗಳ ವರದಿ 1920ರಲ್ಲಿ ಪ್ರಕಟವಾಯಿತು.

ಇಂದು ಧ್ವನಿಯನ್ನು ಅಳೆಯುವವರು ಮೈಕನ್ನು ಗಣಕಯಂತ್ರಕ್ಕೆ ಜೋಡಿಸುತ್ತಾರೆ. ಅವರೂ ಮೊದಲು ಮಾಡುವ ಕೆಲಸ ಇಂಥದೇ. ಪ್ರಮಾಣಬದ್ಧವಾದ ಪುಟ್ಟ ಸಾಧನವೊಂದು ಸೆಕೆಂಡಿಗೆ 1000 ಕಂಪನಗಳ, 94 ಡೆಸಿಬೆಲ್ ಮಟ್ಟದ ಸ್ವರವನ್ನು ಮೈಕಿಗೆ ಕೇಳಿಸುತ್ತದೆ. ಅದು ಒಂದು ಪಾಸ್ಕಲ್ ಒತ್ತಡಕ್ಕೆ ಸಮ. ಆಗ ಯಂತ್ರ ತೋರಿಸುವ ಅಂಕಿಯನ್ನು ಗುರುತಿಟ್ಟುಕೊಂಡು, ಮುಂದಿನ ಸದ್ದುಗಳನ್ನೆಲ್ಲ ಅದಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ನಡುವೆ ಯಾರಾದರೂ ಗುಂಡಿಯನ್ನು ತಿರುಗಿಸಿದರೆ ಆ ಗುರುತು ಸುಳ್ಳಾಗುತ್ತದೆ. ಮತ್ತೆ ಮೊದಲಿನಿಂದ ತೊಡಗಬೇಕು.

ಬೆಳಕಿನ ಚದುರಿಕೆಯ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕವು ರಾಮನ್ ಅವರಿಗೆ ಸಂದಿತು. ಕೀರ್ತಿ ಬಂದ ಮೇಲೂ ನಾದದ ಹುಚ್ಚು ಬಿಡಲಿಲ್ಲ. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಅದೇ ಸಂಸ್ಥೆಯ ಮತ್ತೊಂದು ಆವರಣ ಇಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಕುದಾಪುರದಲ್ಲಿದೆ. 1934ರಲ್ಲಿ ಅವರು ನಮ್ಮ ಮೃದಂಗ, ತಬಲಗಳನ್ನು ಕುರಿತ ಲೇಖನವನ್ನು ಪ್ರಕಟಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ ಬಾರಿಸಿದಾಗ, ಕಂಪಿಸದ ಗೆರೆಗಳಲ್ಲಿ ಮರಳು ಸಾಲುಗಟ್ಟುತ್ತದೆ. ಸಾಮಾನ್ಯ ಚರ್ಮವಾದ್ಯದ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ; ಮೃದಂಗದ ನಡುವಿನ ಕಪ್ಪು ಕರಣೆಯ ಭಾರದಿಂದ ಮೊದಲ ಐದು ಸ್ವರಗಳು ತಂತಿವಾದ್ಯದಂತೆ ಹೊಂದಿ ನುಡಿಯುತ್ತವೆ. ಕರಣೆಯನ್ನು ಪದರಪದರವಾಗಿ ಹಚ್ಚಿ ತಿದ್ದುತ್ತಿದ್ದವರು ಹಳೆಯ ಕುಶಲಿಗರು. ಅವರ ಕೈಗೆಲಸದ ಹಿಂದಿದ್ದ ಅರಿವನ್ನು ರಾಮನ್ ಅವರು ಮನಸಾರೆ ಮೆಚ್ಚಿದರು.

1948ರಲ್ಲಿ ಸ್ವಂತ ಸಂಶೋಧನಾಲಯವನ್ನು ಕಟ್ಟಿ ಅಲ್ಲಿಯೇ ದುಡಿದ ರಾಮನ್ ಅವರು 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆ ಸಂಶೋಧನಾಲಯದ ತೋಟದಲ್ಲಿಯೇ ಅವರ ಅಂತ್ಯಸಂಸ್ಕಾರ ನಡೆಯಿತು. ಆ ಎಡೆಯಲ್ಲಿ ಒಂದು ಮರವನ್ನು ನೆಟ್ಟರು.