ನಗೆಗೆ ಅಂಜದ ಲೇಖನಿ: ಗೋಪಾಳ ಗಣೇಶ ಅಗರಕರ

ಸರಕಾರದ ಸೆರೆಮನೆಗೆ ಅಂಜದ ದೇಶಭಕ್ತರು ನಮ್ಮಲ್ಲಿ ಅನೇಕರು ಆಗಿಹೋಗಿದ್ದಾರೆ. ನೆರೆಹೊರೆಯವರ ನಗೆಗೆ ಅಂಜದವರು ವಿರಳ. ಸೆರೆಯಿಂದ ಹೊರಬಂದವನಿಗೆ ಹೂಮಾಲೆ ಕಾದಿರುತ್ತದೆ. ಸ್ವಜನರ ದೋಷವನ್ನು ಸ್ವಜನರಿಗೇ ತೋರಿಸಿದವನಿಗೆ ಅಪಹಾಸ್ಯವೇ ಪ್ರಾಪ್ತಿ. ಈ ಎರಡನ್ನೂ ಕಂಡುಂಡ ಪುಣೆಯ ಗೋಪಾಳ ಗಣೇಶ ಅಗರಕರರ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ.

1856ನೆಯ ಇಸವಿಯಲ್ಲಿ ಸಾತಾರಾ ಜಿಲ್ಲೆಯ ಟೆಂಭು ಗ್ರಾಮದ ಬಡ ಕುಟುಂಬದಲ್ಲಿ ಜನಿಸಿದ ಅಗರಕರರು ದಾರಿದ್ರ್ಯದೊಡನೆ ಸೆಣಸುತ್ತಲೇ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು. ಅಲ್ಲಿ ಬಾಳ ಗಂಗಾಧರ ಟಿಳಕರ ಸ್ನೇಹ ಬೆಳೆಯಿತು. ಎಂ. ಎ. ಪದವೀಧರನಿಗೆ ದೊಡ್ಡ ಹುದ್ದೆ ಕೈಗೆಟಕುವಂತಿದ್ದ ಆ ಕಾಲದಲ್ಲಿ ಅವರು ಅಲ್ಪವೇತನದ ಶಿಕ್ಷಕವೃತ್ತಿಯನ್ನು ಆರಿಸಿಕೊಂಡು, ಆ ಸಂಕಲ್ಪವನ್ನು ಹೆತ್ತ ತಾಯಿಗೆ ಪತ್ರಮುಖೇನ ತಿಳಿಸಿದರು. 1881ರಲ್ಲಿ ಹೊರಟ ಕೇಸರಿ ಪತ್ರಿಕೆಗೆ ಅವರೇ ಮೊದಲ ಸಂಪಾದಕರು. ಕೊಲ್ಲಾಪುರದ ದಿವಾನರ ಮೇಲಿನ ಬರಹಗಳ ನಿಮಿತ್ತ ಮಾನನಷ್ಟದ ಮೊಕದ್ದಮೆಯಾಗಿ, 1882ರಲ್ಲಿ ಟಿಳಕರೊಡನೆ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನ ಕಳೆದರು. ಬಿಡುಗಡೆಯಾದಾಗ ಜನರು ಇಬ್ಬರನ್ನೂ ಆದರದಿಂದ ಬರಮಾಡಿಕೊಂಡರು.

ನಿಜವಾದ ಪರೀಕ್ಷೆ ತರುವಾಯ ಬಂದಿತು. ಬಾಲ್ಯವಿವಾಹ, ವಿಧವೆಯರ ಕೇಶವಪನ, ಜಾತಿಭೇದ ಇವುಗಳನ್ನು ಅಗರಕರರು ಬಹಿರಂಗವಾಗಿ ಖಂಡಿಸಿದರು. ರಾಜಕೀಯ ಸ್ವಾತಂತ್ರ್ಯ ಮೊದಲೋ ಸಮಾಜಸುಧಾರಣೆ ಮೊದಲೋ ಎಂಬ ಪ್ರಶ್ನೆಯಲ್ಲಿ ಮಿತ್ರರೊಡನೆ ಮನಸ್ತಾಪವಾಗಿ 1887ರಲ್ಲಿ ಕೇಸರಿಯನ್ನು ಬಿಟ್ಟು, ಮರುವರ್ಷ ಸುಧಾರಕವೆಂಬ ಪತ್ರಿಕೆಯನ್ನು ಹೊರಡಿಸಿದರು. ಅದರ ಇಂಗ್ಲಿಷ್ ಭಾಗಕ್ಕೆ ಗೋಪಾಲಕೃಷ್ಣ ಗೋಖಲೆಯವರು ನೆರವಾದರು.

1891ರಲ್ಲಿ ಸಮ್ಮತಿವಯಸ್ಸನ್ನು 10ರಿಂದ 12 ವರ್ಷಕ್ಕೆ ಏರಿಸುವ ಕಾಯಿದೆ ಬಂದಾಗ ಪುಣೆಯೇ ಎರಡು ಪಕ್ಷವಾಯಿತು. ಪರಕೀಯ ಸರಕಾರವು ನಮ್ಮ ಗೃಹಕೃತ್ಯದಲ್ಲಿ ಕೈಹಾಕಕೂಡದೆಂಬ ಟಿಳಕರ ವಾದಕ್ಕೆ ತೂಕವಿಲ್ಲದೆ ಇರಲಿಲ್ಲ. ಆದರೆ ಸಮಾಜವು ತಾನಾಗಿ ತಿದ್ದಿಕೊಳ್ಳುವವರೆಗೆ ಎಳೆಯ ಬಾಲಿಕೆಯರು ಕಾದಿರಲಾರರೆಂಬುದು ಅಗರಕರರ ಉತ್ತರ. ಇದಕ್ಕೆ ಪ್ರತಿಯುಕ್ತಿ ಹೂಡಿದವರಿಗಿಂತ ನಕ್ಕವರೇ ಹೆಚ್ಚು. ಸನಾತನಿಗಳು ಅವರ ಪ್ರತಿಕೃತಿಗೆ ಚಟ್ಟ ಕಟ್ಟಿ, ಪುಣೆಯ ಬೀದಿಗಳಲ್ಲಿ ಶವಯಾತ್ರೆಯನ್ನು ಹೊರಡಿಸಿ, ಅವರ ಮನೆಯ ಮುಂದೆಯೇ ಸಾಗಿಸಿದರು. ಬದುಕಿರುವಾಗಲೇ ತನ್ನ ಶವಯಾತ್ರೆಯನ್ನು ನೋಡಿದ ಆ ಪುರುಷನ ಲೇಖನಿ ಮಾತ್ರ ನಿಲ್ಲಲಿಲ್ಲ.

1892ರಲ್ಲಿ ಅವರು ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾದರು. ಬಹುಕಾಲದಿಂದ ಕಾಡುತ್ತಿದ್ದ ಉಬ್ಬಸವು ದೇಹವನ್ನು ಜರ್ಜರಗೊಳಿಸಿತ್ತು. 1895ರ ಜೂನ್ 17ರಂದು, 39 ತುಂಬುವ ಮೊದಲೇ, ಅವರು ಕಾಲವಶರಾದರು. ಅದೇ ಕಾಲೇಜಿನ ಅಧ್ಯಾಪಕ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವಿಧವೆಯೊಬ್ಬರನ್ನು ವರಿಸಿ, 1896ರಲ್ಲಿ ವಿಧವೆಯರ ಆಶ್ರಮಕ್ಕೆ ನಾಂದಿಹಾಡಿದರು. 1929ರಲ್ಲಿ ಕನ್ಯೆಯರ ವಿವಾಹವಯಸ್ಸು ಕಾಯಿದೆಯಿಂದ 14 ಆಯಿತು. ಇಂದು ಅದು 18. ಹನ್ನೆರಡು ವರ್ಷಕ್ಕಾಗಿ ಒಬ್ಬರ ಚಟ್ಟ ಕಟ್ಟಿದರೆಂದು ಹೇಳಿದರೆ ಈಗಿನ ಮಕ್ಕಳು ನಂಬಲಾರರು.

ಅಗರಕರರು ಹೇಳಿದುದೆಲ್ಲವೂ ಸರಿಯೆಂದು ನಾವು ವಾದಿಸುವುದಿಲ್ಲ; ಅವರ ಬರಹದಲ್ಲಿ ಕಟುತ್ವವೂ ಇದ್ದಿತು. ಆದರೆ ಪತ್ರಿಕೆ ನಡೆಯಿಸುವವರಿಗೆ ಚಂದಾದಾರರ ಮುನಿಸಿನ ಭಯವೆಷ್ಟೆಂಬುದನ್ನು ಬಲ್ಲ ನಾವು ಅವರ ಧೈರ್ಯಕ್ಕೆ ತಲೆಬಾಗುತ್ತೇವೆ. ಎದುರುಪಕ್ಷದ ಯುಕ್ತಿಯನ್ನು ಕಿವಿಗೊಟ್ಟು ಕೇಳೋಣ. ಅದು ಸರಿಯೆನಿಸಿದರೆ ನಮ್ಮ ಮತವನ್ನು ತಿದ್ದಿಕೊಳ್ಳೋಣ. ನಗೆಯನ್ನು ಯುಕ್ತಿಯೆಂದು ಬಗೆದು ಮಾತ್ರ ಬಾಯಿ ಮುಚ್ಚದಿರೋಣ.