ರಾಯದುರ್ಗದ ಕಡೆಯ ವೆಂಕಟಪತಿ ನಾಯಕರು



ಸಂತೆಗೆ, ಕಚೇರಿ ಕೆಲಸಕ್ಕೆ, ದಶಭುಜ ಗಣಪತಿಯ ದರ್ಶನಕ್ಕೆ ಎಂದು ನಮ್ಮ ಡಿ. ಹಿರೇಹಾಳಿನವರು ರಾಯದುರ್ಗಕ್ಕೆ ಹೋಗಿಬರುವುದು ತಲೆತಲಾಂತರದಿಂದ ಇದ್ದದ್ದೇ. ಅಲ್ಲಿನ ಬೆಟ್ಟದ ಕೋಟೆಯನ್ನು ಭದ್ರಪಡಿಸಿದವರು ಯಾರೆಂದರೆ ವೆಂಕಟಪತಿ ನಾಯಕರು ಎನ್ನುತ್ತೇವೆ. ಅದನ್ನು ಕಳೆದುಕೊಂಡವರು ಯಾರೆಂದರೂ ಅದೇ ಹೆಸರು. ಇಬ್ಬರೂ ಒಂದೇ ವಂಶದವರು. ಆದರೆ ನಡುವೆ ನೂರು ವರ್ಷಕ್ಕೂ ಮಿಕ್ಕಿದ ಅಂತರವಿದೆ. ಈ ಗೊಂದಲ ತಿಳಿಯಾಗಲೆಂದು ಈ ನಾಲ್ಕು ಮಾತು.

ಈ ಬೆಟ್ಟಕ್ಕೆ ಹಿಂದೆ ಭೂಪತಿರಾಯನ ಕೊಂಡ ಎಂಬ ಹೆಸರಿತ್ತು. ವಿಜಯನಗರದ ಅರಸರು ಕಳಿಸಿದ ಅಧಿಕಾರಿಯೇ ಈ ಭೂಪತಿರಾಯ. 1565ರ ತಾಳಿಕೋಟೆ ಯುದ್ಧದಲ್ಲಿ ಸಾಮ್ರಾಜ್ಯ ಮುರಿದುಬಿದ್ದ ಮೇಲೆ ಬೇಡ ನಾಯಕರು ಕೋಟೆಯನ್ನು ಮತ್ತೆ ವಶಮಾಡಿಕೊಂಡರು. ಇತ್ತ ರಾಯರ ವಂಶ ಪೆನುಕೊಂಡೆಗೆ ಬಂದು ನೆಲೆಸಿತು. ಅವರ ಸೇವೆಯಲ್ಲಿದ್ದ ಸೇನಾಪತಿಯ ಮನೆತನದವರು ಕೋನೇಟಿ ನಾಯಕರು. ಪೆನುಕೊಂಡೆ ಕೈಬಿಟ್ಟ ಮೇಲೆ ಅವರು ಕುಂದುರ್ಪಿಗೆ ಬಂದು, ಅಲ್ಲಿಂದ ರಾಯದುರ್ಗವನ್ನು ಗೆದ್ದರು. ಅವರ ಮಗನೇ ಕೋಟೆಯನ್ನು ಬಲಪಡಿಸಿದ ಮೊದಲ ವೆಂಕಟಪತಿ.

ಈ ಮನೆತನದ ಹೆಸರುಗಳನ್ನು ಗಮನಿಸಿರಿ. ಕೋನೇಟಿ, ವೆಂಕಟಪತಿ, ರಾಜಗೋಪಾಲ. ಕೋನೇಟಿರಾಯ ಎಂದರೆ ಪುಷ್ಕರಿಣಿಯ ಒಡೆಯ, ತಿರುಮಲೆಯ ಸ್ವಾಮಿಯೇ. ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾ ಹೋದದ್ದರಿಂದಲೇ ನಮಗೆ ಗೊಂದಲ, ಆದರೆ ದೇವರ ನಾಮ ಮನೆಯಲ್ಲಿ ನಿಲ್ಲಲಿಲ್ಲ.

ರಾಯದುರ್ಗಕ್ಕೂ ಚಿತ್ರದುರ್ಗಕ್ಕೂ ಹಳೆಯ ಹಗೆ. 1748ರ ಮಾಯಕೊಂಡದ ಕಾಳಗದಲ್ಲಿ ರಾಯದುರ್ಗದ ದಂಡು ಚಿತ್ರದುರ್ಗದ ವಿರುದ್ಧವೇ ನಿಂತಿತ್ತು. ಅದೇ ಚಿತ್ರದುರ್ಗದ ಮೇಲೆ ಕಣ್ಣಿಟ್ಟಿದ್ದ ಹೈದರಾಲಿಗೆ ಈ ನಾಯಕರು ಬೇಕಾದವರಾದರು. ಹೈದರ್ 1779ರಲ್ಲಿ ಚಿತ್ರದುರ್ಗವನ್ನು ಹಿಡಿದರೂ ರಾಯದುರ್ಗವನ್ನು ಮುಟ್ಟಲಿಲ್ಲ.

ಅಂಗಡಿ ವ್ಯಾಪಾರದಲ್ಲಿ ತಂದೆಯ ಕಾಲದ ಖಾತೆಯನ್ನು ನಂಬಿ ಮಗನಿಗೂ ಉದ್ರಿ ಕೊಡುವುದುಂಟು. ಕಡೆಯ ವೆಂಕಟಪತಿ ನಾಯಕರೂ ಹೀಗೆಯೇ ನಂಬಿದರೆಂದು ನನಗೆ ತೋರುತ್ತದೆ. 1786ರಲ್ಲಿ ಹೈದರನ ಮಗ ಟಿಪ್ಪು ಸುಲ್ತಾನ ಆದವಾನಿ ಕೋಟೆಗೆ ಮುತ್ತಿಗೆ ಹಾಕಿದ. ಆ ಯುದ್ಧ ಮುಗಿಸಿ ಹಿಂದಿರುಗುವಾಗ ನಾಯಕರನ್ನು ಮೋಸದಿಂದ ಹಿಡಿಸಿ, ಸೆರೆಯಾಳಾಗಿ ಮೈಸೂರು ಸೀಮೆಗೆ ಕಳಿಸಿದ. ಹರಪನಹಳ್ಳಿಯ ಪಾಳೆಯಗಾರರಿಗೂ ಅದೇ ಗತಿಯಾಯಿತು. ಕೋಟೆ ಟಿಪ್ಪುವಿನ ವಶವಾಯಿತು. ನಾಯಕರು ಮತ್ತೆ ಪಟ್ಟವೇರಲಿಲ್ಲ. ಯುದ್ಧದಲ್ಲಿ ಸೋತು ಕೋಟೆ ಕಳೆದುಕೊಂಡಿದ್ದರೆ ಲಾವಣಿಯಾದರೂ ಹುಟ್ಟುತ್ತಿತ್ತೇನೋ.

1799ರಲ್ಲಿ ಟಿಪ್ಪು ಮಡಿದ ಕೂಡಲೇ ಅದೇ ವಂಶದ ರಾಜಗೋಪಾಲ ನಾಯಕರು ಕೋಟೆಗೆ ಮರಳಿ ಬಂದರು. ಅಷ್ಟರಲ್ಲಿ ಸೀಮೆ ನಿಜಾಮರ ಪಾಲಿಗೆ ಬಂದಿತ್ತು. ಅವರು ನಾಯಕರನ್ನು ಹಿಡಿದು ಹೈದರಾಬಾದಿಗೆ ಒಯ್ದರು. 1800ರಲ್ಲಿ ಸೀಮೆ ಕುಂಪಣಿ ಸರ್ಕಾರದ ಕೈಸೇರಿತು. ಆಗ ನಾಯಕರನ್ನು ಗುತ್ತಿಗೆ ತಂದು ಇರಿಸಿದರು. 1953ರ ತನಕ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇದ್ದುದರಿಂದ ಈ ಸಂಗತಿಗಳು ಬಳ್ಳಾರಿಯ ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿವೆ. ಊಟ ವಸತಿಗೆ ಕೊರತೆಯಿಲ್ಲದಿದ್ದರೂ ಸ್ವಂತ ಊರಿಗೆ ಬರುವ ಸ್ವಾತಂತ್ರ್ಯವಿಲ್ಲದೆ ರಾಜಗೋಪಾಲ ನಾಯಕರು ಗುತ್ತಿಯಲ್ಲೇ ಕಾಲವಾದರು.