ಜೇಮ್ಸ್ ಮ್ಯಾಡಿಸನ್: ಧರ್ಮಬೋಧನೆ ಮತ್ತು ಸಾರ್ವಜನಿಕ ತೆರಿಗೆ

ಅಮೆರಿಕದ ಸಂವಿಧಾನಶಿಲ್ಪಿಗಳಲ್ಲಿ ಪ್ರಮುಖನಾದ ಜೇಮ್ಸ್ ಮ್ಯಾಡಿಸನ್ (1751–1836) ವರ್ಜೀನಿಯಾದ ಜಮೀನ್ದಾರಿ ಮನೆತನದಲ್ಲಿ ಜನಿಸಿದನು. ಆಗ ಅಲ್ಲಿ ಆಂಗ್ಲಿಕನ್ ಚರ್ಚು ಪ್ರಭುತ್ವದ ಅಧಿಕೃತ ಧರ್ಮಸಂಸ್ಥೆಯಾಗಿತ್ತು. ಪರವಾನಗಿಯಿಲ್ಲದೆ ಉಪದೇಶಿಸಿದ ಬ್ಯಾಪ್ಟಿಸ್ಟ್ ಬೋಧಕರು ಸೆರೆಮನೆ ಸೇರುತ್ತಿದ್ದರು. ತರುಣ ಮ್ಯಾಡಿಸನ್‌ನ ಚಿಂತನೆಯನ್ನು ಈ ದಮನವೇ ರೂಪಿಸಿತು. 1776ರ ವರ್ಜೀನಿಯಾದ ಹಕ್ಕುಗಳ ಘೋಷಣೆಯಲ್ಲಿ ಸಹಿಷ್ಣುತೆಯ ಸ್ಥಾನಕ್ಕೆ ಮುಕ್ತ ಧರ್ಮಾಚರಣೆಯ ಸಮಾನ ಹಕ್ಕು ಬಂದುದು ಆತನ ಪ್ರಯತ್ನದಿಂದ. ಸಹಿಷ್ಣುತೆಯು ಪ್ರಭುತ್ವ ತೋರುವ ಔದಾರ್ಯ. ಹಕ್ಕಿಗೆ ಅಂಥ ಔದಾರ್ಯದ ಹಂಗಿಲ್ಲ.

1784ರಲ್ಲಿ ಕ್ರೈಸ್ತಧರ್ಮಬೋಧಕರ ಪೋಷಣೆಗಾಗಿ ತೆರಿಗೆ ವಿಧಿಸುವ ಮಸೂದೆಯನ್ನು ಪ್ಯಾಟ್ರಿಕ್ ಹೆನ್ರಿ ಬೆಂಬಲಿಸಿದನು. ತನ್ನ ಹಣ ಯಾವ ಪಂಥಕ್ಕೆ ಸಲ್ಲಬೇಕೆಂಬುದನ್ನು ತೆರಿಗೆದಾರನೇ ಸೂಚಿಸಬಹುದಾಗಿದ್ದುದರಿಂದ ಅದು ಉದಾರವಾಗಿಯೇ ತೋರುತ್ತಿತ್ತು. ಆದರೆ ಮೊತ್ತ ಎಷ್ಟೇ ಅಲ್ಪವಾಗಿರಲಿ, ಒತ್ತಾಯದ ತತ್ತ್ವ ಒಂದೇ ಎಂಬುದು 1785ರಲ್ಲಿ ಮ್ಯಾಡಿಸನ್ ಹೆಸರು ಹಾಕದೆ ಬರೆದ ಮನವಿಪತ್ರದ ವಾದ. ರಾಜಾಶ್ರಯವು ಧರ್ಮವನ್ನೂ ಕೆಡಿಸುತ್ತದೆಂದು ಆತ ನಂಬಿದ್ದನು. ಶ್ರದ್ಧಾವಂತ ಬ್ಯಾಪ್ಟಿಸ್ಟರೂ ಮಸೂದೆಯನ್ನು ವಿರೋಧಿಸಿದರು, ಅದು ಬಿದ್ದುಹೋಯಿತು. 1786ರಲ್ಲಿ ಜೆಫರ್ಸನ್ ರಚಿತ ಧಾರ್ಮಿಕ ಸ್ವಾತಂತ್ರ್ಯ ಶಾಸನ ಅಂಗೀಕೃತವಾಯಿತು. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ಮೊದಲ ತಿದ್ದುಪಡಿಯ ಹಿಂದೆಯೂ ಮ್ಯಾಡಿಸನ್‌ನ ಶ್ರಮವಿದೆ. ಅಧ್ಯಕ್ಷನಾಗಿದ್ದಾಗ, 1811ರಲ್ಲಿ, ಬಡಮಕ್ಕಳ ಶಿಕ್ಷಣದ ಅಧಿಕಾರವನ್ನೂ ಒಳಗೊಂಡಂತೆ ಚರ್ಚೊಂದಕ್ಕೆ ಕಾನೂನಿನ ಮಾನ್ಯತೆ ನೀಡುವ ಮಸೂದೆಯನ್ನು ಆತ ತಿರಸ್ಕರಿಸಿದನು.

ಅಂತಃಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಈತ ಕೊನೆಯವರೆಗೂ ಗುಲಾಮರ ಒಡೆಯನಾಗಿದ್ದನೆಂಬ ವೈರುಧ್ಯವನ್ನು ಮರೆಮಾಚಲಾಗದು. ಆತನ ವಾದ ಮಾತ್ರ ಜೀವಂತವಾಗಿ ಉಳಿಯಿತು. ಧಾರ್ಮಿಕ ಶಾಲೆಗಳ ಮಕ್ಕಳ ಬಸ್ ವೆಚ್ಚವನ್ನು ಕುರಿತ 1947ರ ಎವರ್ಸನ್ ಮೊಕದ್ದಮೆಯಲ್ಲಿ ನೆರವನ್ನು ಎತ್ತಿಹಿಡಿದ ಐವರು ನ್ಯಾಯಮೂರ್ತಿಗಳ ತೀರ್ಪೂ ವಿರೋಧಿಸಿದ ನಾಲ್ವರ ಭಿನ್ನಮತವೂ ಆಧರಿಸಿದ್ದು ಅದೇ ಮನವಿಪತ್ರವನ್ನು.